ಅಕ್ಕನ ಕೆಲಸ, ಅಪ್ಪನ ಉತ್ತರ

ನಾನು ಚಿಕ್ಕವಳಿದ್ದಾಗ, ಮಕ್ಕಳೇ, ಹುಡುಗಿಯರು ಹೊಸಬರ ಮುಂದೆ ಬಾಯಿ ಬಿಡುತ್ತಿರಲಿಲ್ಲ. ಅಂಥದ್ದರಲ್ಲಿ ನಮ್ಮ ಅಕ್ಕ ರೋಣದಲ್ಲಿ ಹೊಲಿಗೆ ತರಬೇತಿ ಮುಗಿಸಿ, ನರಗುಂದದ ದೊಡ್ಡದೊಂದು ಹೊಲಿಗೆ ಅಂಗಡಿಗೆ ಕೆಲಸ ಕೇಳಲು ಹೊರಟಳು. "ಇದು ಆಗಲಿಲ್ಲಂದ್ರ ಮುಂದಿನ ವಾರ ಗಂಡಿನವ್ರನ್ನ ಕರಸ್ತೀನಿ" ಎಂದು ಅಪ್ಪ ಹೇಳಿಬಿಟ್ಟಿದ್ದರು. ಅಕ್ಕನಿಗೆ ಮದುವೆ ಈಗಲೇ ಬೇಡವಾಗಿತ್ತು.

ನಮ್ಮ ಮನೆಯವರಿಗೆ ಹೆಣ್ಣು ತೋರಿಸುವ ಶಾಸ್ತ್ರ ಗೊತ್ತಿತ್ತೇ ಹೊರತು ಕೆಲಸ ಕೇಳುವ ರೀತಿ ಗೊತ್ತಿರಲಿಲ್ಲ. ಅವ್ವ ಅಕ್ಕನಿಗೆ ಇಳಕಲ್ ಸೀರೆ ಉಡಿಸಿ, ಮಲ್ಲಿಗೆ ಮುಡಿಸಿ, ಜೊತೆಗಿರಲಿ ಎಂದು ನನ್ನನ್ನೂ ಅಪ್ಪನೊಂದಿಗೆ ನಮ್ಮೂರು ಯಾವಗಲ್‌ನಲ್ಲಿ ಬಸ್ಸು ಹತ್ತಿಸಿದಳು. ಬಸ್ಸಿನೊಳಗಿನ ಮೆಣಸಿನಕಾಯಿ ಚೀಲಗಳ ಘಾಟಿಗೆ ಕಣ್ಣು ಉರಿಯುತ್ತಿತ್ತು.

ಅಂಗಡಿಯಲ್ಲಿ ಹೊಸ ಬಟ್ಟೆಯ ಗಂಜಿ ವಾಸನೆ, ಹೊಲಿಗೆ ಯಂತ್ರಗಳ ಗಡಗಡ. ಅಕ್ಕ ಮಾಲಕರ ಕಾಲು ಮುಟ್ಟಿ ನಮಸ್ಕರಿಸಿ, ತಲೆ ತಗ್ಗಿಸಿ ಕೂತಳು. ಹೆಸರು ಕೇಳಿದರೆ ಅಪ್ಪ ಹೇಳಿದರು. ಏನು ಕಲಿತೆ ಎಂದರೂ ಅಪ್ಪನೇ ಹೇಳಿದರು. ಕೇಳದಿದ್ದರೂ, "ಅಡಗಿ ಭಾಳ ಚಲೋ ಮಾಡ್ತಾಳ್ರಿ" ಎಂದು ಸೇರಿಸಿದರು!

ಅಕ್ಕ ತೋರಿಸಲೆಂದು ಹೊಲಿದು ತಂದಿದ್ದ ಕುಪ್ಪಸದ ತೋಳನ್ನು ಮಾಲಕರು ಬೆಳಕಿಗೆ ಹಿಡಿದು ನೋಡಿದರು. "ಕೈ ಚಲೋ ಐತಿ. ಆದ್ರ ಗಿರಾಕಿ ಬಂದ್ರ ಮಾತಾಡೋರು ಯಾರು? ಯಜಮಾನ್ರ, ಕೆಲಸ ನಿಮಗ ಬೇಕೋ, ಮಗಳಿಗೋ?"

ಅಪ್ಪನ ಮುಖ ಕೆಂಪೇರಿತು. ಎದ್ದು ಹೊರಟೇಬಿಡುತ್ತಾರೆಂದು ನಾನು ಅವರ ಅಂಗಿಯ ಚುಂಗು ಹಿಡಿದುಕೊಂಡೆ.

ಮಾಲಕರು ಮತ್ತೊಂದು ಪ್ರಶ್ನೆ ಕೇಳಿದರು. "ಗಿರಾಕಿ ಬಟ್ಟಿ ತಪ್ಪು ಕತ್ತರಿಸಿದ್ರ ಏನ್ ಮಾಡ್ತಿ, ತಂಗಿ?"

"ನನ್ನ ಮಗಳು ತಪ್ಪು ಮಾಡೂದಿಲ್ರಿ" ಎಂದರು ಅಪ್ಪ.

ಅಕ್ಕ ತಲೆ ಎತ್ತಿದಳು. "ಅಪ್ಪಾ, ನೀವು ಸುಮ್ಮನಿರ್ರಿ. ನಾ ಹೇಳ್ತೀನಿ." ಅವಳ ಗಲ್ಲ ನಡುಗುತ್ತಿತ್ತು. "ತಪ್ಪು ಆಗತಾವ್ರಿ, ಮಾಲಕ್ರ. ಕಲಿಯೂವಾಗನೂ ಆಗ್ಯಾವು. ಮುಚ್ಚಿಡೂದಿಲ್ಲ. ಮೊದಲ ಗಿರಾಕಿಗೆ ಹೇಳ್ತೀನಿ, ಆಮ್ಯಾಲ ಸರಿ ಮಾಡಿ ಕೊಡ್ತೀನ್ರಿ."

ಅಪ್ಪನಿಗೆ ಸುಮ್ಮನಿರಿ ಎಂದವರನ್ನು ನಾನು ಅದುವರೆಗೆ ಕಂಡಿರಲಿಲ್ಲ. ಹೊಲಿಯುತ್ತಿದ್ದವರೂ ಯಂತ್ರ ತುಳಿಯುವುದನ್ನು ನಿಲ್ಲಿಸಿ ಇತ್ತ ನೋಡಿದರು.

"ಸೋಮವಾರದಿಂದ ಬಾ" ಎಂದರು ಮಾಲಕರು. "ಒಬ್ಬಾಕಿನ ಬಾ."

ಬಸ್ಸಿನಲ್ಲಿ ಅಪ್ಪ ಕಿಟಕಿಯ ಕಡೆ ಮುಖ ತಿರುಗಿಸಿ ಕೂತರು. ಕೆಲಸ ಸಿಕ್ಕಿದ್ದರೂ, ಅಪ್ಪನಿಗೆ ಸಿಟ್ಟು ಬಂತೆಂದು ಅಕ್ಕನಿಗೆ ಅಳು ಬಂದಿತ್ತು. ಊರು ಕಂಡಾಗ ಅಪ್ಪ ಕಿಟಕಿಯಾಚೆ ನೋಡುತ್ತಲೇ ಅಂದರು, "ಸೋಮವಾರ ಲಗೂ ಏಳವ್ವಾ. ಮುಂಜಾನಿ ಬಸ್ಸು ಯಾರಿಗೂ ಕಾಯೂದಿಲ್ಲ."

ಈಗ ನಿಮ್ಮ ಐಟಿಐಯಲ್ಲಿ ಕಸುಬಿನ ಜೊತೆ ಸಂದರ್ಶನದಲ್ಲಿ ಹೇಗೆ ಮಾತಾಡಬೇಕೆಂದೂ ಕಲಿಸುತ್ತಾರೆ. ನಿನ್ನೆ ಹಿರಿಯ ಮೊಮ್ಮಗಳು ಅದನ್ನೇ ಅಭ್ಯಾಸ ಮಾಡುತ್ತಿದ್ದಳು. ಅವಳ ತಮ್ಮ ಸಾಹೇಬನಂತೆ ಕೂತು, "ನಿಮ್ಮ ಒಳ್ಳೆಯ ಗುಣ ಯಾವುದು?" ಎಂದು ಕೇಳಿದ. ನನ್ನ ನಾಲಗೆ ಸುಮ್ಮನಿರಬೇಕಲ್ಲ! "ರೊಟ್ಟಿ ಭಾಳ ಚಲೋ ಬಡೀತಾಳ್ರಿ" ಅಂದುಬಿಟ್ಟೆ.

"ಅಜ್ಜೀ, ನೀ ಸುಮ್ಮನಿರು. ನಾ ಹೇಳ್ತೀನಿ" ಎಂದು ನಕ್ಕಳು ಮೊಮ್ಮಗಳು.

ಅಂದು ಅಕ್ಕನ ಗಲ್ಲ ನಡುಗಿಸಿದ್ದ ಮಾತು ಇವಳ ಬಾಯಲ್ಲಿ ಎಷ್ಟು ಸಲೀಸಾಗಿ ಬಂತು! ನಾನು ಸುಮ್ಮನಾದೆ. ಖುಷಿಯಾಯಿತು.