ಹೆಸರಹಬ್ಬದ ಕೇಕು, ಒಂದೇ ಪುಟದ ಕೈಪಿಡಿ

ಬಿದ್ಗೋಶ್ಚ್ ಊರಿನ ಮನೆಮನೆಗೆ ಬಿಸಿನೀರು ಕಳಿಸುವ ಬಾಯ್ಲರುಗಳನ್ನು ನಡೆಸುವ ಸಾಫ್ಟ್‌ವೇರಿಗೆ ಕೈಪಿಡಿ ಬರೆಯುವವಳು ಲುದ್ಮಿವಾ. ಮದುವೆಯಾಗಲಿಲ್ಲ, ಊರು ಬಿಡಲಿಲ್ಲ. ಆಯಸ್ಸೆಲ್ಲ ಆ ಕೈಪಿಡಿಗೇ ಸವೆಯಿತು. ಅದು ಒಂದೇ ಒಂದು ಉದ್ದನೆಯ ಪುಟ. ಚಿತ್ರವಿಲ್ಲ, ಬಣ್ಣವಿಲ್ಲ. ಯಂತ್ರ ತೋರಿಸಿದ ತಪ್ಪಿನ ಸಂಖ್ಯೆಯನ್ನು ಹುಡುಕಿದರೆ ಸಾಕು, ಕಾರಣ ಪರಿಹಾರ ಎರಡೂ ಕಣ್ಣೆದುರು. ಬಾಯ್ಲರಿರುವ ನೆಲಮಾಳಿಗೆಯಲ್ಲಿ ಇಂಟರ್ನೆಟ್ ಸತ್ತರೂ ಅದು ತೆರೆಯುತ್ತಿತ್ತು.

ಹೊಸ ನಿರ್ದೇಶಕ ಸೆವೆರಿನ್‌ಗೆ ಅದು ಹಳಸಲು ಅನ್ನಿಸಿತು. ಮೊದಲು ಒಂದೊಂದು ತಪ್ಪಿಗೆ ಒಂದೊಂದು ಪುಟವಿಟ್ಟು, ಒಂದರಿಂದ ಇನ್ನೊಂದಕ್ಕೆ ಒತ್ತುತ್ತ ಹೋಗಬೇಕಾದ ವೆಬ್‌ಸೈಟ್ ಕಟ್ಟಿಸಿದ. ಅದೂ ಸಾಲದೆ, ಚೆಂದದ ಹುಡುಗಿಯೊಬ್ಬಳನ್ನು ನಿಲ್ಲಿಸಿ, ಅದನ್ನೆಲ್ಲ ನಗುನಗುತ್ತ ಹೇಳಿಸಿ ವಿಡಿಯೋ ತೆಗೆಸಿದ. ಆ ನಗೆ ಕಂಡರೇ ಲುದ್ಮಿವಾಗೆ ಮೈ ಉರಿಯುತ್ತಿತ್ತು.

ಯಾವುದು ಸುಲಭವೋ ಪರೀಕ್ಷೆ ಮಾಡಿಯೇ ಬಿಡೋಣ ಎಂದು ಬಾಯ್ಲರಿನವರನ್ನೇ ಕರೆಸಿದಳು. ಅವರ ಮೇಸ್ತ್ರಿ ವಲ್ದೆಮಾರ್, ಉದ್ದ ಪುಟದಲ್ಲಿ ಉತ್ತರ ಹುಡುಕಿ ಕಣ್ಣು ಮಿಟುಕಿಸುವುದರೊಳಗೆ ಎದ್ದು ನಿಂತ. ವೆಬ್‌ಸೈಟಿನಲ್ಲಿ ಒಂದರೊಳಗೊಂದು ಹೊಕ್ಕು ದಾರಿ ತಪ್ಪಿದ. ವಿಡಿಯೋ ನೋಡಿದವನೇ ಕೆಂಡವಾದ. ಹೆಂಗಸರಿಗೆ ಪಾನಿ, ಗಂಡಸರಿಗೆ ಪಾನ್ ಎನ್ನುವುದು ಆ ಊರಿನ ಮರ್ಯಾದೆ; ಕೋಪದಲ್ಲೂ ಅದನ್ನು ಬಿಡಲಿಲ್ಲ.

"ಪಾನಿ ಲುದ್ಮಿವಾ, ಪೈಪ್ ಒಡೆದು ನೀರು ಮೊಣಕಾಲಿಗೆ ಬಂದಿರತ್ತೆ, ಇವಳಿನ್ನೂ ತನ್ನ ಹೆಸರು ಹೇಳ್ಕೊಂತಿರ್ತಾಳೆ. ಇದನ್ನ ಮಾಡ್ಸಿದೋನ ತಲೇಲಿ ಏನಿದೆ, ಸಗಣಿನಾ?"

ಗೆದ್ದೆ ಎಂದುಕೊಂಡಳು ಲುದ್ಮಿವಾ. ಆದರೆ ತೀರ್ಮಾನದ ಸಭೆಯನ್ನು ಸೆವೆರಿನ್ ತನ್ನ ಹೆಸರಹಬ್ಬದ ದಿನವೇ ಇಟ್ಟ. ತನ್ನ ಹೆಸರಿನ ಸಂತನ ದಿನ ಬಂದರೆ ಕಚೇರಿಗೆಲ್ಲ ಕೇಕು ತಂದು ಹಂಚುವುದು ರೂಢಿ. ಬಾಯ್ಲರಿನವರಿಗೂ ಕರೆ ಹೋಯಿತು. ಎಲ್ಲರೂ ನೂರು ವರ್ಷ ಬಾಳೆಂದು ಹಾಡಿ, ಚೀಸ್ ಕೇಕಿನ ತಟ್ಟೆ ಕೈಗೆ ತೆಗೆದುಕೊಂಡ ಮೇಲೆ ಸೆವೆರಿನ್ ಕೇಳಿದ:

"ವಿಡಿಯೋ ಒಂದೇ ಸಾಕು ಅನ್ನೋರು ಕೈ ಎತ್ತಿ ನೋಡೋಣ."

"ಪರೀಕ್ಷೆಲಿ ಏನಾಯ್ತು ಅಂತ ಓದ್ಬಿಡ್ತೀನಿ, ಪಾನ್ ಡೈರೆಕ್ಟರ್," ಲುದ್ಮಿವಾ ಎದ್ದು ನಿಂತಳು.

"ಹಬ್ಬದ ದಿನ ಪರೀಕ್ಷೆನಾ? ಮೊದ್ಲು ಕೇಕ್ ತಗೊಳ್ಳಿ."

ಎಲ್ಲರೂ ನಕ್ಕರು. ಪಕ್ಕದ ಮೇಜಿನ ಗೆಳತಿ ಬೋಗ್ನಾ ತೋಳು ಹಿಡಿದು ಜಗ್ಗಿದಳು. "ಸುಮ್ನೆ ಕೂತ್ಕೊಳ್ಳೇ ಮಾರಾಯ್ತಿ. ಅವ್ರ ಕೇಕ್ ಬಾಯಲ್ಲಿಟ್ಕೊಂಡು ಬೇಡ ಅನ್ನೋದು ಹೆಂಗೆ?"

ಉಂಡ ಮನೆಯ ಜಂತೆ ಎಣಿಸಬಾರದು, ನಿಜ. ಜಂತೆ ಮುರಿದು ತಲೆ ಮೇಲೆ ಬೀಳುವಾಗಲೂ ಬಾಯಿ ಮುಚ್ಚಿಕೊಂಡಿರಬೇಕೆ? ಕೈಗಳು ಎದ್ದವು. ವಲ್ದೆಮಾರ್‌ನ ಕೈಯೂ ಎದ್ದಿತು, ಬೆರಳಿಗೆ ಕೇಕಿನ ಪುಡಿ ಮೆತ್ತಿಕೊಂಡೇ. ಅವನು ನೆಲ ನೋಡುತ್ತಿದ್ದ. ಲುದ್ಮಿವಾ ತನ್ನ ಕೇಕಿನ ತಟ್ಟೆಯನ್ನು ದೂರ ತಳ್ಳಿದಳು. ಸೆವೆರಿನ್ ಬಿಡಿ, ಅವನದು ಎಮ್ಮೆ ಚರ್ಮ. ಆದರೆ ಈ ಮನುಷ್ಯ! ಮಾರನೆಯ ದಿನವೇ ಬಾಯ್ಲರ್ ಕೋಣೆಗಳ ಕಂಪ್ಯೂಟರುಗಳಿಂದ ಅವಳ ಪುಟ ಅಳಿಸಿಹೋಯಿತು.

ನವೆಂಬರಿನ ಚಳಿ ಮೂಳೆಗಿಳಿದ ಒಂದು ಭಾನುವಾರ ವಲ್ದೆಮಾರ್ ಅವಳ ಮನೆಗೆ ಫೋನ್ ಮಾಡಿದ.

"ಇಡೀ ಬಡಾವಣೆಗೆ ನೀರು ತಣ್ಣಗಾಗಿದೆ, ಪಾನಿ ಲುದ್ಮಿವಾ. ಆ ಪುಟ ನಿಮ್ಮತ್ರ ಇದ್ಯಾ?"

"ವಿಡಿಯೋ ಇದೆಯಲ್ಲ."

"ಕೆಳಗೆ ನೆಟ್ ಬರಲ್ಲ. ಮೇಲೆ ಹೋಗಿ ನೋಡ್ದೆ. ಇನ್ನೂ ನಗ್ತಾನೇ ಇದಾಳೆ."

ಪುಟದ ಒಂದು ಪ್ರತಿ ಅವಳ ಮನೆಯಲ್ಲಿತ್ತು. ಫೋನ್ ಕುಕ್ಕಿಬಿಡುವಷ್ಟು ಹೇಸಿಗೆ ಇತ್ತು. ಆದರೆ ಆ ಬಡಾವಣೆಯ ಕೂಸು ಮುದುಕರು ಯಾರೂ ಕೇಕು ತಿಂದಿರಲಿಲ್ಲ. ಅವನು ಹೇಳಿದ ಸಂಖ್ಯೆ ಹುಡುಕಿ, ಒಂದೊಂದೇ ಸಾಲು ಓದಿದಳು. ಅವನು ಒಂದೊಂದೇ ಮಾಡುತ್ತ ಹೋದ. ಕೊನೆಗೆ ಪಂಪು ಗುರ್ರೆಂದದ್ದು ಅವಳಿಗೂ ಕೇಳಿಸಿತು.

"ನಿಮ್ಮ ಉಪಕಾರ ಮರೆಯಲ್ಲ," ಎಂದ ವಲ್ದೆಮಾರ್. "ಡಿಸೆಂಬರಲ್ಲಿ ನನ್ನ ಹೆಸರಹಬ್ಬ. ನಮ್ಮನೆಯವಳು ಗಸಗಸೆ ಕೇಕ್ ಮಾಡ್ತಾಳೆ. ಬರ್ಲೇಬೇಕು."

"ಬರಲ್ಲ, ಪಾನ್ ವಲ್ದೆಮಾರ್. ಬಂದ್ರೆ ತಿನ್ನಬೇಕು. ತಿಂದ್ರೆ ನಿಮ್ಮನ್ನ ಒಳ್ಳೆಯವರು ಅನ್ನಬೇಕು."