ಒಂದೇ ತೊಗಲು, ಎರಡು ಜೋಡಿ

ಮೆಟ್ಟಿಲ ಕೆಳಗಿನ ಮೂಲೆಯನ್ನು ಬಾಡಿಗೆಗೆ ಕೇಳಲು ಅವನು ಬಂದ ದಿನ ಮನೆಯೊಡತಿ ಮುದುಕಿ ಹಳೆಯ ಸ್ವೆಟರ್ ಬಿಚ್ಚಿ ಉಣ್ಣೆಯ ಉಂಡೆ ಸುತ್ತುತ್ತ ಕೂತಿದ್ದಳು. ಅವನು ಹೊಸ್ತಿಲ ಆಚೆಯೇ ನಿಂತು ಮೊದಲು ಅವಳ ಚಪ್ಪಲಿ ನೋಡಿದ, ಆಮೇಲೆ ಮುಖ ನೋಡಿದ.

"ಅಮ್ಮಾ, ಮೊದಲೇ ಹೇಳಿಬಿಡ್ತೀನಿ. ನಾನು ಜೈಲಿಂದ ಬಂದು ವಾರ ಆಯ್ತು."

"ಏನು ಮಾಡಿದ್ದೆ?"

"ಕದ್ದ ಮಾಲು ಅಂತ ಗೊತ್ತಿದ್ದೂ ತೊಗಲು ಕೊಂಡೆ. ಅದನ್ನ ಪೊಲೀಸರಿಗೆ ಹೇಳಿದವನ ಹಲ್ಲು ಉದುರಿಸಿದೆ. ಎರಡು ಕೇಸು."

"ಒಂದು ಸಾಲದು ಅಂತ ಎರಡಾ! ನನ್ನ ಹತ್ರ ಜಗಳಕ್ಕೆ ಬಂದ್ರೆ ಉದುರಿಸೋಕೆ ಹಲ್ಲೇ ಇಲ್ಲ, ತಿಳ್ಕೋ" ಎಂದಳು ಮುದುಕಿ. ಅವನು ನಕ್ಕ. ಮೂಲೆ ಅವನದಾಯಿತು.

ಜೈಲಿನಲ್ಲಿ ಕಾವಲಿನವರಿಗೆ ಬೂಟು ಹೊಲಿದು ಕೈ ಪಳಗಿತ್ತು. ಬೀದಿಯವರು ಅವನನ್ನು ಬೂಟಣ್ಣ ಎಂದರು. ಮೇಣ ಹಚ್ಚಿದ ದಾರ ಎಳೆಯುವಾಗ ಕೆಳತುಟಿ ಕಚ್ಚಿಕೊಳ್ಳುತ್ತಿದ್ದ. ಒಂದು ಹೊಲಿಗೆ ಸೊಟ್ಟಗಾದರೂ, ಗಿರಾಕಿ ಎದುರಿಗೆ ನಿಂತು ಗೊಣಗುತ್ತಿದ್ದರೂ, ಬಿಚ್ಚಿ ಮತ್ತೆ ಹಾಕುತ್ತಿದ್ದ.

ಅವನಿಗೆ ಏಳು ವರ್ಷದ ಮಗಳಿದ್ದಳು. ತಾಯಿಯಿಲ್ಲದ ಕೂಸು, ದೊಡ್ಡಮ್ಮನ ಮನೆಯಲ್ಲಿ ಬೆಳೆಯುತ್ತಿತ್ತು. ಭಾನುವಾರ ದೊಡ್ಡಮ್ಮ ಕರೆತಂದರೆ ಮುದುಕಿಯ ಬೆನ್ನ ಹಿಂದೆ ನಿಂತು ಅಪ್ಪನನ್ನು ಇಣುಕಿ ನೋಡುತ್ತಿತ್ತು. ಬಾಯಲ್ಲಿ 'ಅಪ್ಪ' ಬರುತ್ತಿರಲಿಲ್ಲ, 'ಅವರು' ಎನ್ನುತ್ತಿತ್ತು. ಮಗಳು ತನ್ನ ಜೊತೆಗಿರಬೇಕು ಎಂಬುದೊಂದೇ ಅವನ ಆಸೆ. ದೊಡ್ಡಮ್ಮ ಖಡಾಖಂಡಿತವಾಗಿ ಹೇಳಿದ್ದಳು: "ನೆಟ್ಟಗಿದ್ರೆ ರಜೆ ಬಂದಾಗ ಕರ್ಕೊಂಡು ಹೋಗು. ಮತ್ತೆ ಒಳಗೆ ಹೋದ್ಯೋ, ನಮ್ಮ ಕಡೆ ತಲೆ ಹಾಕಬೇಡ."

ಒಂದು ಭಾನುವಾರ ಮಗು ತಾನಾಗಿಯೇ ಕಾಲು ಚಾಚಿತು. ಅವನು ದಾರ ಹಿಡಿದು ಪಾದ ಅಳೆಯತೊಡಗಿದ.

"ಅಪ್ಪಾ, ಕಚಗುಳಿ!"

ಅವನ ಕೈ ಅಲ್ಲೇ ನಿಂತುಹೋಯಿತು. ಅಂದೇ ಕೆಂಪು ತೊಗಲು ಕತ್ತರಿಸಿದ.

ಆ ಬೂಟಿಗೆ ಅಟ್ಟೆ ಕೂರಿಸುವ ಮೊದಲೇ ಪೇದೆ ಕೋರ್ಟಿನ ಕಾಗದ ಹಿಡಿದು ಬಂದ. ತೀರ್ಪಿಗೆ ಮುಂಚೆ ಬೂಟಣ್ಣ ಜೈಲಿನಲ್ಲಿದ್ದ ಐದು ತಿಂಗಳನ್ನು ಶಿಕ್ಷೆಯಿಂದ ಕಳೆದಿದ್ದರು. ಶಿಕ್ಷೆ ಎರಡು, ಒಂದು ಮುಗಿದ ಮೇಲೆ ಇನ್ನೊಂದು. ಅದೇ ಐದು ತಿಂಗಳನ್ನು ಎರಡರಲ್ಲೂ ಕಳೆದುಬಿಟ್ಟಿದ್ದರು. ಈಗ ಕೋರ್ಟು ಅದನ್ನು ತಿದ್ದಿತ್ತು. ಸೋಮವಾರ ಅವನು ತಾನಾಗಿ ಹೋಗಿ ಉಳಿದದ್ದನ್ನು ಮುಗಿಸಬೇಕು.

ಮುದುಕಿಗೆ ಮೈಯೆಲ್ಲ ಉರಿಯಿತು. "ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ! ಲೆಕ್ಕ ತಪ್ಪಿದ್ದು ಅವರು, ಒಳಗೆ ಹೋಗೋದು ಇವನಾ?"

ಪೇದೆ ಟೋಪಿ ತೆಗೆದು ತಲೆ ಕೆರೆದುಕೊಂಡ. "ಅಜ್ಜೀ, ನಾನು ಕಾಗದ ತಂದವನು, ಬರೆದವನಲ್ಲ."

ಬೂಟಣ್ಣ ದಬ್ಬಳ ಕೆಳಗಿಟ್ಟ. "ಅವರು ಹೇಳೋದು ಸರಿನೇ ಅಮ್ಮಾ. ಒಂದೇ ತೊಗಲಲ್ಲಿ ಎರಡು ಜೋಡಿ ಬರಲ್ಲ. ಆದ್ರೆ ಹೊಲಿದು, ಕಾಲಿಗೆ ಹಾಕಿ, ನಡಿ ಅಂತ ಬಿಟ್ಟ ಮೇಲೆ ಬಿಚ್ಚಿಕೊಂಡ್ರೆ..."

ಭಾನುವಾರ ದೊಡ್ಡಮ್ಮ ಸುದ್ದಿ ಕೇಳಿ ಸಿಡಿದಳು. "ಗೊತ್ತಿತ್ತು ನನಗೆ!"

"ಇವನು ಹೊಸದಾಗಿ ಏನೂ ಮಾಡಿಲ್ಲ ಕಣಮ್ಮಾ" ಎಂದು ಮುದುಕಿ ನಡುವೆ ಬಂದಳು.

"ಅದನ್ನ ಮಗೂಗೆ ಹೇಗೆ ಹೇಳ್ಲಿ? ಬಂದ, ಹೋದ, ಬಂದ, ಹೋದ. ಅಪ್ಪ ಅನ್ನೋನು ಬಸ್ಸಾ?"

ಅವನು ಮಗಳ ಮುಂದೆ ಕುಕ್ಕರುಗಾಲಲ್ಲಿ ಕೂತ. "ನಾನು ತಪ್ಪು ಮಾಡಿ ಜೈಲಲ್ಲಿದ್ದೆ ಪುಟ್ಟಾ. ಐದು ತಿಂಗಳು ಬಾಕಿ ಇದೆಯಂತೆ. ಮುಗಿಸಿ ಬರ್ತೀನಿ."

ಮಗು ಅಟ್ಟೆಯಿಲ್ಲದ ಕೆಂಪು ಬೂಟನ್ನೇ ನೋಡಿತು. "ಅಷ್ಟೊತ್ತಿಗೆ ಇದು ನನಗೆ ಚಿಕ್ಕದಾಗುತ್ತಲ್ಲ, ಅಪ್ಪಾ?"

ದೊಡ್ಡಮ್ಮ ಮುಖ ತಿರುಗಿಸಿದಳು. "ಐದು ತಿಂಗಳು ನೋಡ್ತೀನಿ" ಎಂದು ಗೋಡೆಗೆ ಹೇಳಿದಳು.

ಸೋಮವಾರ ಬೆಳಿಗ್ಗೆ ಅವನು ಮೂಲೆ ಗುಡಿಸಿ, ಬೂಟನ್ನು ಬಟ್ಟೆಯಲ್ಲಿ ಸುತ್ತಿ ಪೆಟ್ಟಿಗೆಯಲ್ಲಿಟ್ಟು, ಅದರ ಬೀಗದ ಕೈಯನ್ನು ಮುದುಕಿಯ ಅಂಗೈಯಲ್ಲಿಟ್ಟ. ನಾಲ್ಕು ಹೆಜ್ಜೆ ಹೋದವನು ತಿರುಗಿ ಬಂದ.

"ಅಮ್ಮಾ, ಅಲ್ಲಿ ಬೂಟು ಹೊಲಿಯೋ ಕೊಠಡಿ ಇದೆ, ಕೇಳಿ ನೋಡ್ತೀನಿ. ನೀವು ಭೇಟಿಗೆ ಬರುವಾಗೆಲ್ಲ ಅವಳ ಪಾದದ ಅಳತೆ ತರ್ತೀರಾ? ಉಣ್ಣೆಯಲ್ಲಿ ಬೇಡ, ಅದು ಹಿಗ್ಗುತ್ತೆ. ನೂಲಿನ ದಾರದಲ್ಲಿ ಹಿಡೀತೀರಾ?"