ಇಡ್ಲಿ ಪಾತ್ರೆಯೊಳಗಿನ ಸೀಲು

ಗಿರಿಜಾ, ಅಂಗಡಿಯ ಸೀಲು ಕಳೆದಿರಲಿಲ್ಲ. ನಾನೇ ಬಚ್ಚಿಟ್ಟಿದ್ದೆ — ಅಟ್ಟದ ಮೇಲೆ, ಯಾರೂ ಕೊಳ್ಳದೆ ಉಳಿದ ಹಳೇ ಇಡ್ಲಿ ಪಾತ್ರೆಯೊಳಗೆ.

ನಾಲ್ಕು ವರ್ಷವಾಯಿತು. ಪುರಸೈವಾಕ್ಕಂನ ನನ್ನ ಪಾತ್ರೆ ಅಂಗಡಿಯಲ್ಲಿ ಲೆಕ್ಕ ಬರೆಯುತ್ತಿದ್ದ ನೀನು, ಲೆಕ್ಕದೊಳಗಿನ ಮೋಸ ಹಿಡಿಯುವ ವಿದ್ಯೆ ಕಲಿಯುತ್ತೇನೆಂದೆ. ಫೊರೆನ್ಸಿಕ್ ಅಕೌಂಟಿಂಗ್, ವೇಲಚೇರಿಯ ಕಾಲೇಜೊಂದರಲ್ಲಿ ಸಂಜೆಯ ಸರ್ಟಿಫಿಕೇಟ್ ಕೋರ್ಸು. ಸಲಹೆ ಕೊಡುವುದರಲ್ಲಿ ನಾನು ಹಿಂದೆ ಬೀಳುವವನೇ? ಪರೀಕ್ಷೆ ಯಾರು ನಡೆಸುತ್ತಾರೆ ಕೇಳು, ಹಿಂದೆ ಕಲಿತವರಿಗೆ ಎಲ್ಲಿ ಕೆಲಸ ಸಿಕ್ಕಿದೆ ಕೇಳು, ಹೇಳಿದ ಫೀಸಿಗೆ ತಲೆಯಾಡಿಸಬೇಡ ಎಂದೆ. ನೀನು ಎಲ್ಲವನ್ನೂ ಕೇಳಿಕೊಂಡು ಬಂದೆ. ಸೀಟೂ ಸಿಕ್ಕಿತು. ಬಾಕಿ ಇದ್ದದ್ದು ಒಂದೇ — ಆರು ವರ್ಷ ಇಲ್ಲಿ ದುಡಿದಿದ್ದಾಳೆಂಬ ನನ್ನ ಪತ್ರ, ಸೀಲು ಒತ್ತಿದ್ದು.

ಆಗ ನನಗೆ ಭಯ ಹತ್ತಿತು. ಕಲಿತರೆ ನೀನು ಹೋಗಿಬಿಡುತ್ತೀ. ನಿನ್ನಂಥವಳು ಮತ್ತೆಲ್ಲಿ ಸಿಗುತ್ತಾಳೆ? ನನ್ನದು ಚೌಕಾಸಿಯ ಬುದ್ಧಿ. ತಡೆಹಿಡಿದರೆ ಎಂಥವರೂ ತಣ್ಣಗಾಗುತ್ತಾರೆ ಎಂದುಕೊಂಡೆ.

ಕಡೆಯ ದಿನ ನೀನು ಮೂರು ಸಲ ನನ್ನ ಮುಂದೆ ಬಂದು ನಿಂತೆ.

“ಸೀಲ್ ಸಿಕ್ತೇನ್ರೀ ಅಣ್ಣಾರೆ? ಐದಕ್ಕ ಆಫೀಸ್ ಬಂದ್ ಮಾಡ್ತಾರ್ರೀ.”

“ಹುಡುಕಾಕತ್ತೀನಿ ತಂಗಿ. ಅದಕ್ಕೇನ್ ಕಾಲ್ ಅದಾವ, ಓಡಿಹೋಗಾಕ?”

ನಗಲಿಲ್ಲ ನೀನು. ಐದಾಯಿತು.

ಆದರೆ ಅದೇ ಮಧ್ಯಾಹ್ನ, ನೀನು ಊಟಕ್ಕೆ ಹೋದಾಗ, ಒಂದು ಹೋಟೆಲಿಗೆ ಸರಕು ಕಳಿಸಬೇಕಾಗಿತ್ತು. ಸೀಲಿಲ್ಲದ ರಸೀದಿಯನ್ನು ಅವರು ಒಪ್ಪುವುದಿಲ್ಲ. ಅಟ್ಟ ಹತ್ತಿದೆ, ಒತ್ತಿದೆ, ಮತ್ತೆ ಬಚ್ಚಿಟ್ಟೆ. ರಸೀದಿಯ ನಕಲು ನಿನ್ನ ಕೈಗೇ ಬರುತ್ತದೆಂಬುದು — ಮೋಸ ಮಾಡುವವನಿಗೆ ಅಷ್ಟು ನೆನಪಿರುವುದಿಲ್ಲ. ಮರುದಿನ ಅದನ್ನು ಫೈಲಿಗೆ ಹಚ್ಚುವಾಗ ನಿನ್ನ ಬೆರಳು ತಾರೀಕಿನ ಮೇಲೆ ನಿಂತಿತು. ಆಮೇಲೆ ಸೀಲಿನ ಮೇಲೆ.

“ಸೀಲ್ ಜ್ವಾಪಾನ ಇಟ್ಕೋರಿ ಅಣ್ಣಾರೆ,” ಅಂದೆ ನೀನು. ಅಷ್ಟೇ.

ಬೇಕಾದದ್ದು ನನಗೆ ದಕ್ಕಿತು; ನೀನು ಉಳಿದೆ, ಆ ಪತ್ರವನ್ನು ಮತ್ತೆ ಕೇಳಲೂ ಇಲ್ಲ. ಆದರೆ ಅಂದಿನಿಂದ ನಿನ್ನ ಪೆನ್ನು ಒಂದು ಗಳಿಗೆ ನಿಂತರೂ ಕೈಯಲ್ಲಿದ್ದ ಕೆಲಸ ಬಿಟ್ಟು ನಿನ್ನತ್ತ ನೋಡುತ್ತೇನೆ. ಆ ಫೈಲನ್ನು ಒಗೆಯಲೂ ಆಗಲಿಲ್ಲ, ತೆರೆಯಲೂ —

ಈ ವರ್ಷದ ಅರ್ಜಿಗೆ ಶುಕ್ರವಾರ ಕಡೆಯ ದಿನ. ಪತ್ರ ನಿನ್ನ ಮೇಜಿನ ಮೇಲಿದೆ, ಹತ್ತು ವರ್ಷವೆಂದು ಬರೆದು, ಸೀಲು ಒತ್ತಿ. ಅದರ ಕೆಳಗೆ ಈ ಕಾಗದ. ಸೀಲೂ ಅಲ್ಲೇ ಇದೆ. ಇನ್ನು ಅದು ನಿನ್ನ ಹತ್ತಿರವೇ ಇರಲಿ. ಕಳೆದ ನಾಲ್ಕು ವರ್ಷವನ್ನು ಯಾವ ಪತ್ರದಲ್ಲಿ ಬರೆದು ಕೊಡಲಿ, ನನಗೆ ತಿಳಿಯದು.

ನೀನು ಬರುವ ಹೊತ್ತಾಯಿತು. ಷಟರ್ ತೆಗೆದು ಕೂತಿದ್ದೇನೆ. ಈ ಸಲ ಕೊಡಲು ನನ್ನಲ್ಲಿ ಯಾವ ಸಲಹೆಯೂ ಇಲ್ಲ.